ಕೂಸಿಗೆ ಅನ್ನವುಂಟು, ಕಾಯುವವರಿಲ್ಲ

ನಮ್ಮೂರಿನ ಗಿರಣಿ ಓಣಿಗಳಲ್ಲಿ ಬೆಳಗಿನ ಆರು ಗಂಟೆಯ ಹೊತ್ತಿಗೆ ಒಮ್ಮೆ ನಡೆದು ನೋಡಬೇಕು. ಮೊದಲ ಪಾಳಿಯ ಸೈರನ್ ಕೂಗುವ ಮುನ್ನ ಹೆಂಗಸರು ರೊಟ್ಟಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಾರೆ. ಹಿಂದೆ ಬಾಗಿಲಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ನಿಂತಿರುತ್ತಾಳೆ; ಅವಳ ಸೊಂಟದ ಮೇಲೆ ವರ್ಷ ತುಂಬದ ತಮ್ಮ. ಓಣಿಯ ಅಂಗನವಾಡಿಗೆ ಬೀಗ ಹಾಕಿದೆ. ಅದು ತೆರೆಯುವುದು ಒಂಬತ್ತೂವರೆಗೆ. ತೆರೆದ ಮೇಲೂ ಆ ಕೂಸನ್ನು ದಿನವಿಡೀ ನೋಡಿಕೊಳ್ಳುವ ಏರ್ಪಾಡು ಅಲ್ಲಿಲ್ಲ. ಮೂರು ವರ್ಷ ತುಂಬುವವರೆಗೆ ಅದರ ಪಾಲಿಗೆ ಬರುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಶಾಲೆಯ ಗಂಟೆ ಹೊಡೆಯುತ್ತದೆ. ಹುಡುಗಿ ಹೋಗುವುದಿಲ್ಲ. ಹೋದರೆ ತಮ್ಮನನ್ನು ನೋಡುವವರು ಯಾರು?

ಈ ಹುಡುಗಿಯನ್ನು ಯಾವ ಹಾಜರಿ ಪುಸ್ತಕವೂ ಕೆಲಸಗಾರಳೆಂದು ಬರೆದುಕೊಂಡಿಲ್ಲ. ಆದರೂ ಗಿರಣಿ ತಿರುಗುವುದರಲ್ಲಿ ಅವಳ ದುಡಿಮೆಯೂ ಸೇರಿದೆ. ತಾಯಿ ಯಂತ್ರದ ಮುಂದೆ ನಿಲ್ಲಬೇಕಾದರೆ ಮಗಳು ಮನೆಯಲ್ಲಿ ನಿಲ್ಲಬೇಕು. ಅದಕ್ಕೆ ಮಾಲಿಕನಿಂದ ಕಾಸಿಲ್ಲ, ಸರ್ಕಾರದಿಂದ ಕಾಸಿಲ್ಲ. ಬೆಲೆ ತೆರುವವಳು ಅವಳೇ, ತನ್ನ ಓದನ್ನು ಕೊಟ್ಟು. ದುಡಿಯುವವರ ಮನೆಯಲ್ಲಿ ಬಡತನ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ದಾರಿಗಳಲ್ಲಿ ಇದೂ ಒಂದು.

ಶಿಶುಗಳಿಗಾಗಿ ಸರ್ಕಾರ ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ಹೆಜ್ಜೆ ಬಿದ್ದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈಗ ಅದಕ್ಕೆ ಐವತ್ತು ವರ್ಷ ತುಂಬಿದೆ. ಅಂದು ಬೆರಳೆಣಿಕೆಯಷ್ಟಿದ್ದ ಕೇಂದ್ರಗಳು ದೇಶದಲ್ಲಿ ಸುಮಾರು 14 ಲಕ್ಷಕ್ಕೂ, ಕರ್ನಾಟಕದಲ್ಲಿ 65 ಸಾವಿರಕ್ಕೂ ಏರಿವೆ. ಕರ್ನಾಟಕ ಸರ್ಕಾರ 2013ರಲ್ಲಿ ಕ್ಷೀರಭಾಗ್ಯದ ಹೆಸರಿನಲ್ಲಿ ಮಕ್ಕಳಿಗೆ ಹಾಲನ್ನು ಕೊಡತೊಡಗಿತು. 2017ರಲ್ಲಿ ಮಾತೃಪೂರ್ಣ ಯೋಜನೆಯಿಂದ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟವನ್ನು ಏರ್ಪಡಿಸಿತು. ಇವು ಸಣ್ಣ ಕೆಲಸಗಳಲ್ಲ.

ಆದರೆ ಐವತ್ತು ವರ್ಷಗಳ ಬಳಿಕ ಲೆಕ್ಕ ಕೇಳುವ ಹಕ್ಕು ಜನರಿಗಿದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಸುಮಾರು 33 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿರಲಿಲ್ಲ. ಐದು ವರ್ಷಗಳ ಹಿಂದಿನ ಸಮೀಕ್ಷೆಯಲ್ಲಿ ಎತ್ತರ ಬೆಳೆಯದ ಮಕ್ಕಳು 36 ಇದ್ದರು. ಅಂದರೆ ಆ ಐದು ವರ್ಷಗಳಲ್ಲಿ ಇಳಿದದ್ದು ನೂರಕ್ಕೆ ಒಂದರಷ್ಟೂ ಇಲ್ಲ. ರಕ್ತಹೀನತೆಯಂತೂ ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 61ರಿಂದ 65ಕ್ಕೆ ಏರಿತು. ಹಾಲು, ಮೊಟ್ಟೆ, ಬೇಳೆ ಬಂದರೂ ಹೀಗೇಕೆ?

ಇದಕ್ಕೆ ಕಾರಣ ಒಂದಲ್ಲ. ಕುಡಿಯುವ ನೀರು, ಚರಂಡಿ, ತಾಯಂದಿರ ಸ್ವಂತ ಆರೋಗ್ಯ ಎಲ್ಲವೂ ಸೇರಿವೆ. ಆದರೆ ದುಡಿಯುವವರ ಓಣಿಯಲ್ಲಿ ಕಣ್ಣಿಗೆ ಹೊಡೆಯುವ ಕಾರಣವೊಂದಿದೆ. ಯೋಜನೆ ಕೂಸಿಗೆ ಆಹಾರವನ್ನು ಕೊಟ್ಟಿತು, ಆರೈಕೆಯನ್ನು ಕೊಡಲಿಲ್ಲ. ಆರು ತಿಂಗಳ ಮಗು ತಾನಾಗಿ ಪೊಟ್ಟಣ ಬಿಚ್ಚಿಕೊಂಡು ತಿನ್ನಲಾರದು. ಅದಕ್ಕೆ ದಿನಕ್ಕೆ ನಾಲ್ಕೈದು ಬಾರಿ, ಮೆತ್ತಗೆ ಮಾಡಿ, ತುತ್ತು ತುತ್ತಾಗಿ ಉಣಿಸುವ ಕೈ ಬೇಕು. ಆ ಕೈ ಗಿರಣಿಯಲ್ಲಿದೆ. ಮನೆಯಲ್ಲಿರುವುದು ಎಂಟು ವರ್ಷದ ಅಕ್ಕನ ಕೈ. ಪೊಟ್ಟಣದಲ್ಲಿರುವ ಹಿಟ್ಟನ್ನು ಮನೆಮಂದಿಯೆಲ್ಲ ಹಂಚಿ ತಿಂದರೆ ಆ ತಾಯಿಯನ್ನು ದೂರುವವರು ಅವಳ ದಿನವನ್ನು ಒಮ್ಮೆ ಬದುಕಿ ನೋಡಲಿ.

ಗಿರಣಿಯಲ್ಲೇ ಶಿಶುವಿಹಾರ ಇರಬೇಕೆಂಬ ಕಾಯಿದೆ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ, ಬಹುಕಾಲದಿಂದ ಇದೆ. 1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮು ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. ಹೆಂಗಸರ ಸಂಖ್ಯೆಯನ್ನು ಮೂವತ್ತಕ್ಕೇ ನಿಲ್ಲಿಸಿಬಿಟ್ಟರೆ ತೊಟ್ಟಿಲೂ ಬೇಡ, ಆಯಾಳೂ ಬೇಡ ಎಂಬ ಜಾಣತನಕ್ಕೆ ಹೀಗೆ ಕಾಯಿದೆಯೇ ದಾರಿ ತೋರಿಸಿಕೊಟ್ಟಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಇದನ್ನು ಬದಲಿಸಿ, ಗಂಡಸರು ಹೆಂಗಸರೆನ್ನದೆ ಐವತ್ತು ಜನ ಕೆಲಸಗಾರರಿದ್ದರೆ ಶಿಶುವಿಹಾರ ಇರಬೇಕೆಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಐವತ್ತರ ಮಿತಿಯನ್ನೇ ಇಟ್ಟುಕೊಂಡಿದೆ. ತಾಯಿ ದಿನಕ್ಕೆ ನಾಲ್ಕು ಸಲ ಕೂಸನ್ನು ನೋಡಿಬರಬಹುದೆಂದೂ ಹೇಳಿದೆ.

ಕಾಗದದ ಮೇಲೆ ಇದು ಮುನ್ನಡೆಯೇ. ಆದರೆ ನಮ್ಮಂಥ ಜಿಲ್ಲಾ ಪಟ್ಟಣದಲ್ಲಿ ಐವತ್ತು ಜನ ಖಾಯಂ ಹಾಜರಿಯಲ್ಲಿರುವ ಕೆಲಸದ ಜಾಗಗಳು ಎಷ್ಟು? ಅಕ್ಕಿ ಗಿರಣಿ, ಎಣ್ಣೆ ಗಾಣ, ಮಂಡಕ್ಕಿ ಭಟ್ಟಿ, ಹೊಲಿಗೆಯ ಶೆಡ್ಡು, ಇಟ್ಟಿಗೆ ಗೂಡು ಇವುಗಳಲ್ಲಿ ಹತ್ತು ಹದಿನೈದು ಜನ ಇರುತ್ತಾರೆ. ದೊಡ್ಡ ಗಿರಣಿಯಲ್ಲೂ ಅರ್ಧ ಜನ ಗುತ್ತಿಗೆದಾರನ ಲೆಕ್ಕದಲ್ಲಿದ್ದರೆ ಎಣಿಕೆ ಹೇಗೆ ಬೇಕೋ ಹಾಗೆ ಬರುತ್ತದೆ. ಇನ್ನು ನಮ್ಮ ಚಿಕ್ಕ ವ್ಯಾಪಾರಿಗಳ ಸ್ಥಿತಿಯೇನು? ಕಿರಾಣಿ ಅಂಗಡಿ, ತರಕಾರಿ ಗಾಡಿ, ಚಹಾದ ಅಂಗಡಿ ನಡೆಸುವ ಕುಟುಂಬದಲ್ಲಿ ಗಂಡಹೆಂಡಿರಿಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ. ಅವರಿಗೆ ಮಾಲಿಕನೇ ಇಲ್ಲ; ಆದ್ದರಿಂದ ಅವರ ಕೂಸಿಗೆ ಯಾವ ಸಂಹಿತೆಯ ನೆರಳೂ ಇಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಗೋಣಿಚೀಲದ ಮೇಲೆ ಮಲಗಿ, ಮೆಣಸಿನಕಾಯಿಯ ಘಾಟು ಕುಡಿದು ಬೆಳೆಯುವ ಮಕ್ಕಳು ನಮ್ಮ ಪೇಟೆಯಲ್ಲಿ ಬೇಕಾದಷ್ಟಿದ್ದಾರೆ.

ಇಲ್ಲಿಯೇ ನಮ್ಮ ವಾದದ ತಿರುಳಿದೆ. ಶಿಶುಪಾಲನೆಯನ್ನು ಮಾಲಿಕನ ದಯೆಗೆ ಬಿಟ್ಟರೆ ಅದು ಐವತ್ತು ಜನರಿರುವ ಕಡೆ ನಿಲ್ಲುತ್ತದೆ. ಕುಟುಂಬಕ್ಕೆ ಬಿಟ್ಟರೆ ಹಿರಿಯ ಮಗಳ ಸೊಂಟದ ಮೇಲೆ ಬಂದು ಕೂರುತ್ತದೆ. ಬೀದಿದೀಪ, ನಲ್ಲಿ ನೀರು, ಆಸ್ಪತ್ರೆಗಳಂತೆ ಅದೂ ಊರಿನ ಸಾರ್ವಜನಿಕ ಕೆಲಸವಾಗಬೇಕು. ವಾರ್ಡಿಗೊಂದು ಶಿಶುಗೃಹ ಬೇಕು. ಅದು ಗಿರಣಿಯ ಪಾಳಿಗೂ ಪೇಟೆಯ ವೇಳೆಗೂ ಹೊಂದುವಂತೆ ತೆರೆದಿರಬೇಕು.

ಇದು ಹೊಸ ಮಾತೇನೂ ಅಲ್ಲ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಗಿರಣಿ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಅಂಬೇಡ್ಕರರು ಅದರ ಪರವಾಗಿ ನಿಂತರು. ತಾಯಿಗೆ ವಿಶ್ರಾಂತಿ ಕೊಡುವುದು ದೇಶದ ಹಿತ, ಆದ್ದರಿಂದ ಅದರ ಭಾರವನ್ನು ಸರ್ಕಾರ ಹೊರಬೇಕು; ಆದರೆ ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲಿಕನೂ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂಬುದು ಅವರ ವಾದದ ಸಾರ. ಮರುವರ್ಷ ಆ ಮಸೂದೆ ಕಾಯಿದೆಯಾಯಿತು. ತಾರಾಬಾಯಿ ಮೋಡಕರು ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದಲ್ಲಿ, ಬಡ ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಅವರ ಮನೆಯಂಗಳಕ್ಕೇ ಶಾಲೆಯನ್ನು ಒಯ್ದರು. ಮಗು ಇರುವಲ್ಲಿಗೆ ಶಾಲೆ ಹೋಗಬೇಕೆಂಬ ಆ ತತ್ವವೇ ಅಂಗನವಾಡಿ ಎಂಬ ಮಾತಿನಲ್ಲಿದೆ. 1969ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯ ರಾಜಘಾಟಿನ ಬಳಿ ಕಟ್ಟಡ ಕೂಲಿಕಾರರ ಮಕ್ಕಳು ಬಿಸಿಲು ಧೂಳಿನಲ್ಲಿ ಬಿದ್ದಿರುವುದನ್ನು ಕಂಡು, ಕೆಲಸದ ಜಾಗದಲ್ಲೇ ಗುಡಾರ ಹಾಕಿಸಿ ಸಂಚಾರಿ ಶಿಶುವಿಹಾರವನ್ನು ಪ್ರಾರಂಭಿಸಿದರು. ಮನಸ್ಸಿದ್ದವರು ಗುಡಾರದಲ್ಲಿ ಮಾಡಿದ್ದನ್ನು ಕಟ್ಟಡಗಳಿರುವ ಸರ್ಕಾರ ಮಾಡಲಾಗದೇ?

ಸರ್ಕಾರಗಳೂ ಈ ಅಗತ್ಯವನ್ನು ಒಪ್ಪಿಕೊಂಡಿವೆ. ಕರ್ನಾಟಕ ಸರ್ಕಾರ 2023-24ರ ಆಯವ್ಯಯದಲ್ಲಿ, ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಪ್ರಕಟಿಸಿತು. ಹೆಸರು ಚೆನ್ನಾಗಿದೆ, ಉದ್ದೇಶವೂ ಚೆನ್ನಾಗಿದೆ. ಹಳ್ಳಿಯ ಕೂಲಿ ತಾಯಿಗೆ ಸಲ್ಲುವ ನ್ಯಾಯ ಪಟ್ಟಣದ ಕೂಲಿ ತಾಯಿಗೆ ಏಕೆ ಸಲ್ಲಬಾರದು? ಕೇಂದ್ರ ಸರ್ಕಾರದ ‘ಪಾಲನಾ’ ಯೋಜನೆ ಅಂಗನವಾಡಿಗಳನ್ನೇ ಶಿಶುವಿಹಾರಗಳಾಗಿ ಬೆಳೆಸುವ ಮಾತಾಡಿತು: ಆರು ತಿಂಗಳಿನಿಂದ ಆರು ವರ್ಷದ ಮಕ್ಕಳು, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ಆದರೆ ಅದರ ಗುರಿ ಇಡೀ ದೇಶಕ್ಕೆ 17,000 ಕೇಂದ್ರಗಳು. ಹದಿನಾಲ್ಕು ಲಕ್ಷ ಅಂಗನವಾಡಿಗಳಿರುವ ದೇಶದಲ್ಲಿ ಇದು ನೂರಕ್ಕೆ ಒಂದೂಕಾಲಕ್ಕಿಂತ ಕಡಿಮೆ. ಅದೂ ಅಲ್ಲದೆ, ಎಂಟು ಗಂಟೆಯ ಪಾಳಿಗೆ ಹೋಗಿಬರುವ ದಾರಿಯ ಹೊತ್ತನ್ನೂ ಸೇರಿಸಿದರೆ ಏಳೂವರೆ ಗಂಟೆಯ ಶಿಶುವಿಹಾರ ಯಾವ ತಾಯಿಗೆ ಸಾಕಾದೀತು?

ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ಈಗ ಖರ್ಚಾಗುವ ಹಣ ಎಷ್ಟೆಂಬುದನ್ನು ಮೊದಲು ನೋಡೋಣ. 2017ರಲ್ಲಿ ಕೇಂದ್ರ ಸರ್ಕಾರ ನಿಗದಿಪಡಿಸಿದ ಪ್ರಮಾಣದಂತೆ ಒಂದು ಮಗುವಿನ ದಿನದ ಪೌಷ್ಟಿಕ ಆಹಾರಕ್ಕೆ 8 ರೂಪಾಯಿ; ಬಸುರಿ ಬಾಣಂತಿಯರಿಗೆ ಒಂಬತ್ತೂವರೆ ರೂಪಾಯಿ. ಇದನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸಬೇಕು. ಎಂಟು ರೂಪಾಯಿಗೆ ಒಂದು ಮೊಟ್ಟೆ ಕೊಂಡರೆ ಅಕ್ಕಿ, ಬೇಳೆ, ಎಣ್ಣೆ, ತರಕಾರಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಅಂಗಡಿಯಲ್ಲಿ ತಕ್ಕಡಿ ಹಿಡಿದಿರುವ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2013ರ ಆಹಾರ ಭದ್ರತಾ ಕಾಯಿದೆ ಬಸುರಿಯಾದ ಪ್ರತಿ ಹೆಂಗಸಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಸಹಾಯವನ್ನು ವಿಧಿಸಿತು. 2017ರಲ್ಲಿ ಅದಕ್ಕಾಗಿ ಬಂದ ಮಾತೃವಂದನಾ ಯೋಜನೆ ಮೊದಲ ಹೆರಿಗೆಗೆ 5,000 ಎಂದು ಗೆರೆ ಎಳೆಯಿತು. 2022ರಿಂದ ಎರಡನೆಯ ಮಗು ಹೆಣ್ಣಾದರೆ ಮಾತ್ರ 6,000 ಎಂದಿತು. ಎರಡನೆಯ ಗಂಡುಮಗುವನ್ನು ಹೆತ್ತ ತಾಯಿಗೆ ವಿಶ್ರಾಂತಿ ಬೇಡವೇ? ಪಾರ್ಲಿಮೆಂಟು ಕೊಟ್ಟ ಮಾತನ್ನು ಆಡಳಿತ ಕತ್ತರಿಸುವ ಪರಿ ಇದು.

ಅಂಗನವಾಡಿಯನ್ನು ನಡೆಸುವವರ ಪಾಡಿಗೆ ಬರೋಣ. 1975ರಲ್ಲಿ ಮೆಟ್ರಿಕ್ ಆದ ಕಾರ್ಯಕರ್ತೆಗೆ ತಿಂಗಳಿಗೆ 150, ಆಗದವಳಿಗೆ 100 ರೂಪಾಯಿ ಕೊಟ್ಟರು. ಅದನ್ನು ಸಂಬಳವೆನ್ನಲಿಲ್ಲ, ಗೌರವಧನವೆಂದರು. ಹೆಸರಿನಲ್ಲಿ ಗೌರವವಿತ್ತು, ಧನವಿರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ತನ್ನ ಲೆಕ್ಕದ ಗೌರವಧನವನ್ನು ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ ಮಾಡಿತು. ಮೇಲಿನದನ್ನು ರಾಜ್ಯ ಸೇರಿಸಬೇಕು. ಸೇರಿಸುವಂತೆ ಮಾಡಲು ಈ ಹೆಣ್ಣುಮಕ್ಕಳು ಬೀದಿಗಿಳಿಯಬೇಕು. 2017ರ ಮಾರ್ಚಿಯಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯ ಮೇಲೆ ಹಗಲಿರುಳು ಕುಳಿತದ್ದನ್ನು ನಾಡು ನೋಡಿದೆ. ಊರಿನ ಮಕ್ಕಳನ್ನು ಮಲಗಿಸುವವರು ತಾವು ಡಾಂಬರಿನ ಮೇಲೆ ಮಲಗಿದರು.

ನ್ಯಾಯಾಲಯದ ದಾರಿಯೂ ನೇರವಾಗಿರಲಿಲ್ಲ. 2006ರ ಡಿಸೆಂಬರಿನಲ್ಲಿ ಕರ್ನಾಟಕದ ಅಮೀರ್‌ಬಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದು ತೀರ್ಪಿತ್ತಿತು. ಅದೇ ತಿಂಗಳ 13ರಂದು ಅದೇ ಕೋರ್ಟು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, 2008ರ ಡಿಸೆಂಬರಿನೊಳಗೆ ದೇಶದಲ್ಲಿ 14 ಲಕ್ಷ ಅಂಗನವಾಡಿಗಳು ನಡೆಯಬೇಕೆಂದು ಅಪ್ಪಣೆ ಮಾಡಿತು. ಕೇಂದ್ರ ಬೇಕು, ಕೆಲಸ ಆಗಬೇಕು, ಆದರೆ ಕೆಲಸ ಮಾಡುವವಳು ಕೆಲಸಗಾರಳಲ್ಲ! 2013ರ ಮೇ ತಿಂಗಳ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಇವರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ಕೂಲಿ, ಪಿಂಚಣಿ ಕೊಡಬೇಕೆಂದು ಶಿಫಾರಸು ಮಾಡಿತು. ಕೊನೆಗೆ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು, ಇವರಿಗೂ 1972ರ ಗ್ರಾಚ್ಯುಯಿಟಿ ಕಾಯಿದೆ ಅನ್ವಯಿಸುತ್ತದೆಂದು ಹೇಳಿತು. ಒಂದು ಬಾಗಿಲು ತೆರೆದಿದೆ. ಉಳಿದವನ್ನು ತೆರೆಸಬೇಕಾದದ್ದು ಚಳವಳಿ.

ಗಿರಣಿ ಕಾರ್ಮಿಕ ಬಂಧುಗಳಿಗೆ ಇಲ್ಲೊಂದು ಮಾತು. ಅಂಗನವಾಡಿಯ ಹೊತ್ತು ನಮ್ಮ ಪಾಳಿಗೆ ಹೊಂದಬೇಕೆಂದು ಕೇಳುವಾಗ ಆ ಹೊತ್ತಿನ ಭಾರವನ್ನು ಈಗಾಗಲೇ ಸಮೀಕ್ಷೆ, ದಾಖಲೆ, ಚುನಾವಣೆ ಪಟ್ಟಿಗಳ ಕೆಲಸದಲ್ಲಿ ನಲುಗಿರುವ ಆ ಒಬ್ಬ ಹೆಂಗಸಿನ ಮೇಲೆ ಹೊರಿಸುವುದು ನಮ್ಮ ಬೇಡಿಕೆಯಾಗಕೂಡದು. ಪಾಳಿ ಎರಡಾದರೆ ಕೆಲಸಗಾರರೂ ಎರಡು ತಂಡವಾಗಬೇಕು. ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರು ಇನ್ನೊಬ್ಬರಿಂದ ಹನ್ನೆರಡು ಗಂಟೆ ಕೇಳಲಾರರು. ಅವಳ ಹೋರಾಟ ನಮ್ಮದು, ನಮ್ಮ ಹೋರಾಟ ಅವಳದು.

ಸಣ್ಣ ವ್ಯಾಪಾರಿಗಳು, ಚಿಕ್ಕ ಗಿರಣಿಯ ಮಾಲಿಕರು ‘ಇನ್ನೊಂದು ತೆರಿಗೆಯೋ’ ಎಂದು ಬೆದರಬೇಕಾಗಿಲ್ಲ. ಹೊಸ ಸಂಹಿತೆಯಲ್ಲೇ ಒಂದು ಅನುಕೂಲವಿದೆ: ಸರ್ಕಾರ ಇಲ್ಲವೆ ಪುರಸಭೆ ನಡೆಸುವ ಸಾಮಾನ್ಯ ಶಿಶುವಿಹಾರವನ್ನು ಉದ್ಯಮಗಳು ಬಳಸಿಕೊಳ್ಳಬಹುದು, ಹಲವು ಉದ್ಯಮಗಳು ಹಣ ಕೂಡಿಸಿ ಒಂದನ್ನು ನಡೆಸಲೂಬಹುದು. ಐವತ್ತು ಜನರಿರುವ ಗಿರಣಿ ತಾನು ಕಾಯಿದೆಯಂತೆ ಮಾಡಲೇಬೇಕಾದ ವೆಚ್ಚವನ್ನು ವಾರ್ಡಿನ ಶಿಶುಗೃಹಕ್ಕೆ ಕೊಡಲಿ. ಕಟ್ಟಡವನ್ನು ಪುರಸಭೆ ಕೊಡಲಿ. ಆಹಾರ ಮತ್ತು ಸಿಬ್ಬಂದಿಯನ್ನು ಸರ್ಕಾರ ಕೊಡಲಿ. ಆಗ ತರಕಾರಿ ಮಾರುವವಳ ಕೂಸೂ ಅಲ್ಲೇ ಮಲಗಬಹುದು. ಕಟ್ಟಡ ಕಟ್ಟುವವರಿಂದ ವೆಚ್ಚದ ನೂರಕ್ಕೆ ಒಂದರಂತೆ ಕಾರ್ಮಿಕ ಕಲ್ಯಾಣಕ್ಕೆ ಸೆಸ್ ವಸೂಲಾಗುತ್ತಿದೆ. ಅದರಿಂದ ಯಾವ ಊರಿನಲ್ಲೂ ಕಟ್ಟಡ ಕಟ್ಟುವುದು ನಿಲ್ಲಲಿಲ್ಲ. ದೊಡ್ಡ ಉದ್ಯಮಗಳ ಮೇಲೆ ಶಿಶುಗಳಿಗಾಗಿ ಅಂಥದೇ ಒಂದು ಸಣ್ಣ ಸೆಸ್ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಕೂಸನ್ನು ತಾಯಿಯೇ ನೋಡಿಕೊಳ್ಳುವುದು ನಮ್ಮ ಸಂಸ್ಕೃತಿ ಎನ್ನುವ ಮಹನೀಯರೂ ಇದ್ದಾರೆ. ಅವರ ಮನೆಗಳಲ್ಲಿ ಕೂಸನ್ನು ಆಡಿಸುವವಳು ಕೂಲಿಯ ಆಯಾ ಎಂಬುದನ್ನು ಅವರು ಮರೆತಿರಬಹುದು. ಆ ಆಯಾಳ ಕೂಸು ಎಲ್ಲಿದೆ ಎಂದು ನಾವು ಕೇಳುತ್ತೇವೆ. ಅಜ್ಜಿಯರಿಲ್ಲವೇ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಹಳ್ಳಿ ಬಿಟ್ಟು ಪಟ್ಟಣದ ಒಂದು ಕೋಣೆಯಲ್ಲಿ ಬದುಕುವವನ ತಾಯಿ ಹಳ್ಳಿಯಲ್ಲಿದ್ದಾಳೆ, ಪಟ್ಟಣದಲ್ಲಿರುವ ಅಜ್ಜಿಯರಲ್ಲಿ ಅನೇಕರು ಇಂದಿಗೂ ಕೂಲಿಗೆ ಹೋಗುತ್ತಾರೆ.

ಸಂವಿಧಾನವೂ ಈ ಕೂಸನ್ನು ಬಾಗಿಲ ಹೊರಗೆ ಕೂರಿಸಿದೆ. 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕೆಂದಿತು. ಆರು ವರ್ಷದೊಳಗಿನವರ ಪಾಲನೆ, ಶಿಕ್ಷಣಗಳನ್ನು 45ನೆಯ ಅನುಚ್ಛೇದದಲ್ಲಿ, ಸರ್ಕಾರ ಪ್ರಯತ್ನಿಸತಕ್ಕದ್ದು ಎಂಬ ಮಾತಿಗೆ ಬಿಟ್ಟಿತು. ಪ್ರಯತ್ನಕ್ಕೆ ಕೊನೆಯ ದಿನ ಬರೆದಿಲ್ಲ. ಕೂಸಿನ ವಯಸ್ಸು ಮಾತ್ರ ನಿಲ್ಲುವುದಿಲ್ಲ. ಮೊದಲ ಮೂರು ವರ್ಷಗಳಲ್ಲಿ ತಪ್ಪಿದ ಬೆಳವಣಿಗೆಯನ್ನು ಆಮೇಲೆ ತುಂಬಿಕೊಡುವುದು ಬಲು ಕಷ್ಟ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ದುಡಿಯುವವರ ಪ್ರತಿ ವಾರ್ಡಿನಲ್ಲೂ ಬೆಳಗಿನ ಪಾಳಿಗೆ ಮುಂಚೆ ತೆರೆದು, ಸಂಜೆಯವರೆಗೆ ನಡೆಯುವ, ಆರು ತಿಂಗಳ ಕೂಸನ್ನೂ ಸೇರಿಸಿಕೊಳ್ಳುವ ಶಿಶುಗೃಹ ಬೇಕು. ಅಲ್ಲಿ ದುಡಿಯುವವರಿಗೆ ಕನಿಷ್ಠ ಕೂಲಿ ಮತ್ತು ನಿವೃತ್ತಿಯ ಭದ್ರತೆ ಬೇಕು. ಮಗುವಿನ ಆಹಾರದ ಪ್ರಮಾಣವನ್ನು ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷವೂ ಏರಿಸಬೇಕು. ಐವತ್ತು ಜನರಿರುವ ಗಿರಣಿಗಳಲ್ಲಿ ಶಿಶುವಿಹಾರ ಎಲ್ಲಿದೆ, ಎಲ್ಲಿಲ್ಲ ಎಂಬ ಪಟ್ಟಿಯನ್ನು ಕಾರ್ಮಿಕ ಇಲಾಖೆ ಪ್ರಕಟಿಸಬೇಕು. ಎಣಿಕೆಯಲ್ಲಿ ಗುತ್ತಿಗೆಯವರನ್ನೂ ಸೇರಿಸಬೇಕು.

ಬೇಡಿಕೆ ಬರೆದು ಕೈಕಟ್ಟಿ ಕೂರುವುದು ನಮ್ಮ ಪದ್ಧತಿಯಲ್ಲ. 2006ರ ಡಿಸೆಂಬರಿನ ಅದೇ ಆಜ್ಞೆಯಲ್ಲಿ ಒಂದು ಹತಾರವಿದೆ. ಹಳ್ಳಿಯಾಗಲಿ, ಕೊಳಚೆ ಪ್ರದೇಶವಾಗಲಿ, ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಅದನ್ನು ತೆರೆಯಬೇಕು ಎಂದು ಅದು ಹೇಳುತ್ತದೆ. ಎಷ್ಟು ಓಣಿಗಳಿಗೆ ಇದು ಗೊತ್ತು? ಈ ವಾರ ಪ್ರತಿ ಓಣಿಯಲ್ಲೂ ನಾಲ್ಕು ಜನ ಸೇರಿ ಮಕ್ಕಳನ್ನು ಎಣಿಸಲಿ. ಕೂಸಿನ ವಯಸ್ಸು, ತಾಯಿಯ ಕೆಲಸ, ಪಾಳಿಯ ಹೊತ್ತು, ಹಗಲಲ್ಲಿ ಕೂಸನ್ನು ನೋಡುವವರು ಯಾರು ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಲಿ. ಪೇಟೆಯ ವ್ಯಾಪಾರಿಗಳೂ ತಮ್ಮ ಮನೆಯ ಮಕ್ಕಳನ್ನು ಪಟ್ಟಿಗೆ ಸೇರಿಸಲಿ. ಅಂಗನವಾಡಿ ಇಲ್ಲದ ಓಣಿ ಅಂಗನವಾಡಿ ಕೇಳಲಿ. ಇರುವ ಓಣಿ ಅದರ ಹೊತ್ತನ್ನೂ ಸಿಬ್ಬಂದಿಯನ್ನೂ ಹೆಚ್ಚಿಸಲು ಕೇಳಲಿ. ಆ ಪಟ್ಟಿಯೊಂದಿಗೆ ಒಂದು ಅರ್ಜಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಒಂದು ಪುರಸಭೆಗೆ, ಒಂದು ಕಾರ್ಮಿಕ ಅಧಿಕಾರಿಗೆ ಹೋಗಲಿ. ಕೊಟ್ಟ ದಿನಾಂಕ ಹಾಕಿಸಿ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು; ಮೂರು ತಿಂಗಳ ಎಣಿಕೆ ಅಂದಿನಿಂದ.

ಸಂಬಳ, ಬೋನಸ್ಸುಗಳಿಗಾಗಿ ಗಿರಣಿ ಬಾಗಿಲಲ್ಲಿ ನಿಂತವರು ನಾವು. ಕೂಸಿನ ಪ್ರಶ್ನೆಯನ್ನು ಹೆಂಗಸರ ಪ್ರಶ್ನೆಯೆಂದು ಇಷ್ಟು ದಿನ ಬದಿಗಿಟ್ಟದ್ದು ನಮ್ಮ ಸಂಘಗಳ ತಪ್ಪೂ ಹೌದು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ತಿದ್ದಿಕೊಳ್ಳದಿದ್ದರೆ ನಾಚಿಕೆ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಶಿಶುಗೃಹದ ಬೇಡಿಕೆ ಕೊನೆಯ ಸಾಲಿನಲ್ಲಿರದೆ ಮೊದಲ ಸಾಲಿನಲ್ಲಿರಲಿ. ಬೆಳಿಗ್ಗೆ ಆರು ಗಂಟೆಗೆ ಬಾಗಿಲಲ್ಲಿ ನಿಂತ ಆ ಹುಡುಗಿ ತಮ್ಮನನ್ನು ಶಿಶುಗೃಹದಲ್ಲಿ ಬಿಟ್ಟು, ಪಾಟೀಚೀಲ ಹೆಗಲಿಗೇರಿಸಿ ಶಾಲೆಗೆ ಹೊರಡುವ ದಿನ ನಮ್ಮ ಚಳವಳಿ ಒಂದು ಗೆಲುವನ್ನು ಕಂಡಿತೆಂದು ಬರೆಯುತ್ತೇವೆ.